ಕೊಟ್ಟರೂ ಬರಿದಾಗದ ಮಜ್ಜೆ

‘ತಮ್ಮನಿಗೆ ಮೂಳೆಯ ಮಜ್ಜೆ ಕೊಟ್ಟರೆ ಅಕ್ಕ ನಿಶ್ಶಕ್ತಳಾಗುವುದಿಲ್ಲವೇ ಡಾಕ್ಟ್ರೇ? ನಾಳೆ ಮದುವೆಯಾಗಬೇಕಾದ ಹುಡುಗಿ...’

ರಕ್ತದ ಕ್ಯಾನ್ಸರ್ ಅಥವಾ ಥಲಸೀಮಿಯಾ ಇರುವ ಮಗುವಿಗೆ ಮಜ್ಜೆಯ ಕಸಿ ಬೇಕೆಂದಾಗ ಮನೆಯ ಹಿರಿಯರು ಕೇಳುವ ಪ್ರಶ್ನೆ ಇದು. ಒಂದು ಮಗುವನ್ನು ಉಳಿಸಲು ಹೋಗಿ ಇನ್ನೊಂದನ್ನು ಅಪಾಯಕ್ಕೆ ಒಡ್ಡಿದಂತಾದೀತೇ ಎಂಬ ಅಳುಕು ಸಹಜ. ಇದಕ್ಕೆ ಉತ್ತರ ಕೆನಡಾದ ಇಬ್ಬರು ವಿಜ್ಞಾನಿಗಳ ಸಂಶೋಧನೆಯಲ್ಲಿದೆ.

ಕಣಗಳು ಎಲ್ಲಿಂದ ಬರುತ್ತವೆ?

ನಮ್ಮ ರಕ್ತದ ಕೆಂಪುಕಣಗಳ ಆಯುಸ್ಸು ಸುಮಾರು 120 ದಿನ. ಪ್ಲೇಟ್‌ಲೆಟ್‌ಗಳದು 8ರಿಂದ 10 ದಿನ. ಸತ್ತ ಕಣಗಳ ಜಾಗಕ್ಕೆ ಹೊಸವು ಬರುತ್ತಲೇ ಇರಬೇಕು. ಅವು ಹುಟ್ಟುವುದು ಮೂಳೆಯೊಳಗಿನ ಮೆತ್ತನೆಯ ಮಜ್ಜೆಯಲ್ಲಿ. ಆದರೆ ಮಜ್ಜೆಯಲ್ಲಿ ಈ ಕೆಲಸ ಮಾಡುವ ಮೂಲಕೋಶ ಯಾವುದು? 1950ರ ದಶಕದವರೆಗೆ ಇದಕ್ಕೆ ಗಟ್ಟಿಯಾದ ಪುರಾವೆ ಇರಲಿಲ್ಲ.

ಟೊರಾಂಟೊದ ಆಂಟಾರಿಯೊ ಕ್ಯಾನ್ಸರ್ ಸಂಸ್ಥೆಯಲ್ಲಿ ವೈದ್ಯ ಅರ್ನೆಸ್ಟ್ ಮೆಕಲಾಕ್ ಮತ್ತು ಭೌತವಿಜ್ಞಾನಿ ಜೇಮ್ಸ್ ಟಿಲ್ ಜೊತೆಗೂಡಿ ಪ್ರಯೋಗ ನಡೆಸಿದರು. ಇಲಿಗಳಿಗೆ ವಿಕಿರಣ ಹಾಯಿಸಿ ಅವುಗಳ ಮಜ್ಜೆಯನ್ನು ನಾಶಮಾಡುವುದು, ಬಳಿಕ ಆರೋಗ್ಯವಂತ ಇಲಿಯ ಮಜ್ಜೆಯ ಕೋಶಗಳನ್ನು ರಕ್ತನಾಳಕ್ಕೆ ಚುಚ್ಚುವುದು ಅವರ ಕ್ರಮ. 1960ರ ಒಂದು ಭಾನುವಾರ ಇಲಿಗಳನ್ನು ಪರೀಕ್ಷಿಸಲು ಬಂದ ಮೆಕಲಾಕ್‌ಗೆ ಅವುಗಳ ಗುಲ್ಮದ ಮೇಲೆ ಸಣ್ಣ ಸಣ್ಣ ಗಂಟುಗಳು ಕಂಡವು. ಬೇರೊಬ್ಬರಾಗಿದ್ದರೆ ಸುಮ್ಮನೆ ಬಿಟ್ಟುಬಿಡುತ್ತಿದ್ದರೇನೋ. ಅವರು ಕೂತು ಎಣಿಸಿದರು. ಹೆಚ್ಚು ಕೋಶ ಕೊಟ್ಟ ಇಲಿಯಲ್ಲಿ ಹೆಚ್ಚು ಗಂಟು, ಕಡಿಮೆ ಕೊಟ್ಟದ್ದರಲ್ಲಿ ಕಡಿಮೆ. ಲೆಕ್ಕ ಹಾಕಿದಾಗ ಸುಮಾರು 10,000 ಕೋಶಗಳಿಗೆ ಒಂದು ಗಂಟು ಎಂದು ತಿಳಿಯಿತು. 1961ರಲ್ಲಿ ಇದನ್ನು ಪ್ರಕಟಿಸಿದರು.

ಹಾಗಾದರೆ ಒಂದು ಗಂಟು ಒಂದೇ ಕೋಶದಿಂದ ಬೆಳೆದದ್ದೇ? 1963ರಲ್ಲಿ ಆಂಡ್ರ್ಯೂ ಬೆಕರ್ ಜೊತೆ ಸೇರಿ ಇದಕ್ಕೂ ಪುರಾವೆ ಒದಗಿಸಿದರು. ವಿಕಿರಣದಿಂದ ಕೋಶದ ವರ್ಣತಂತುವಿನಲ್ಲಿ ಒಂದು ಗುರುತು ಬಿದ್ದಿದ್ದರೆ, ಆ ಗಂಟಿನಲ್ಲಿ ವಿಭಜಿಸುತ್ತಿದ್ದ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಅದೇ ಗುರುತು ಕಂಡಿತು. ಅಂದರೆ ಎಲ್ಲವೂ ಒಂದೇ ತಾಯಿಯ ಮಕ್ಕಳು. ಅದೇ ವರ್ಷ ಲೂಯಿ ಸಿಮಿನೋವಿಚ್ ಅವರೊಡನೆ ಮತ್ತೊಂದು ಪ್ರಯೋಗ ನಡೆಯಿತು. ಗಂಟಿನ ಕೋಶಗಳನ್ನು ಬೇರೆ ಇಲಿಗೆ ಕೊಟ್ಟಾಗ ಅಲ್ಲೂ ಹೊಸ ಗಂಟುಗಳು ಹುಟ್ಟಿದವು.

ಹೀಗೆ ಆಕರಕೋಶದ, ಅಂದರೆ ಸ್ಟೆಮ್ ಸೆಲ್‌ನ, ಎರಡು ಗುಣ ಸಾಬೀತಾದವು. ಅದು ಬಗೆಬಗೆಯ ರಕ್ತಕಣಗಳನ್ನು ಹುಟ್ಟಿಸುತ್ತದೆ, ಜೊತೆಗೆ ತನ್ನಂಥದೇ ಕೋಶವನ್ನೂ ಹುಟ್ಟಿಸಿಕೊಳ್ಳುತ್ತದೆ. ಹೆಪ್ಪು ಉಳಿಸಿಕೊಂಡರೆ ನಾಳೆಗೂ ಮೊಸರು ಆಗುವಂತೆ!

ದಾನಿಗೆ ಅಪಾಯವೇ?

ಅಕ್ಕನ ಬಗೆಗಿನ ಅಳುಕಿಗೆ ಉತ್ತರ ಈ ಎರಡನೆಯ ಗುಣದಲ್ಲಿದೆ. ತೆಗೆಯುವುದು ಮಜ್ಜೆಯ ಸ್ವಲ್ಪ ಭಾಗ ಮಾತ್ರ. ಉಳಿದ ಆಕರಕೋಶಗಳು ಕೆಲವೇ ವಾರಗಳಲ್ಲಿ ಅದನ್ನು ತುಂಬಿಕೊಡುತ್ತವೆ. ಇದು ಮೂತ್ರಪಿಂಡ ಕೊಟ್ಟಂತೆ ಅಲ್ಲ. ಬೆನ್ನುಹುರಿಗೂ ಇದಕ್ಕೂ ಸಂಬಂಧವಿಲ್ಲ. ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದ ಸೂಜಿಯ ಮೂಲಕ ಮಜ್ಜೆ ತೆಗೆಯುತ್ತಾರೆ. ಇಲ್ಲವೇ ನಾಲ್ಕೈದು ದಿನ ಚುಚ್ಚುಮದ್ದು ಕೊಟ್ಟು, ಆಕರಕೋಶಗಳು ರಕ್ತಕ್ಕೆ ಇಳಿದ ಮೇಲೆ ಯಂತ್ರದಿಂದ ಬೇರ್ಪಡಿಸಿಕೊಳ್ಳುತ್ತಾರೆ. ಕೆಲವು ದಿನ ಮೂಳೆನೋವು, ಆಯಾಸ ಇರಬಹುದು. ಗಂಭೀರ ತೊಂದರೆ ಅಪರೂಪ. ಮದುವೆಗಾಗಲಿ ಮಕ್ಕಳಾಗುವುದಕ್ಕಾಗಲಿ ಇದು ಅಡ್ಡಿಯಲ್ಲ.

ಆದರೆ ಮಜ್ಜೆ ಹೊಂದಬೇಕು. ರಕ್ತದ ಗುಂಪು ಒಂದೇ ಆದರೆ ಸಾಲದು, ಎಚ್‌ಎಲ್‌ಎ ಎಂಬ ಪರೀಕ್ಷೆ ಆಗಬೇಕು. ಒಡಹುಟ್ಟಿದ ಒಬ್ಬರದು ಪೂರ್ತಿ ಹೊಂದುವ ಸಾಧ್ಯತೆ 4ರಲ್ಲಿ 1. 1968ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ, ರೋಗನಿರೋಧಕ ಶಕ್ತಿಯೇ ಇಲ್ಲದ ಎಳೆಯ ಗಂಡುಮಗುವೊಂದು ಅಕ್ಕನ ಮಜ್ಜೆಯಿಂದ ಬದುಕಿತು. ಭಾರತದಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1983ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು 1986ರಲ್ಲಿ ಈ ಕಸಿಯನ್ನು ಆರಂಭಿಸಿದವು. ದಾನಿಗಿಂತ ಹೆಚ್ಚಿನ ಅಪಾಯ ಇರುವುದು ರೋಗಿಗೆ. ಸೋಂಕು ತಗಲಬಹುದು, ಹೊಸ ಮಜ್ಜೆ ಮೈಯೊಡನೆ ಹೊಂದದೆ ಹೋಗಬಹುದು. ಇದನ್ನು ತಜ್ಞರಿಂದ ಕೇಳಿ ತಿಳಿಯಿರಿ.

ಜಾಹೀರಾತು ಕಂಡರೆ ಎಚ್ಚರ

‘ಸ್ಟೆಮ್ ಸೆಲ್ ಚುಚ್ಚುಮದ್ದಿನಿಂದ ಪಾರ್ಶ್ವವಾಯು, ಆಟಿಸಂ, ಸಕ್ಕರೆ ಕಾಯಿಲೆ ಮಾಯ’ ಎಂಬ ಮಾತನ್ನು ನಂಬಿ ಒಡವೆ ಮಾರಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರ ಮಾರ್ಗಸೂಚಿಯಲ್ಲಿ ಮಾನ್ಯ ಚಿಕಿತ್ಸೆ ಎಂದು ಒಪ್ಪಿದ್ದು ರಕ್ತಸಂಬಂಧಿ ರೋಗಗಳಿಗೆ ಮಾಡುವ ಆಕರಕೋಶದ ಕಸಿಯನ್ನು. ಬೇರೆ ಬಳಕೆಯೆಲ್ಲ ಅನುಮತಿ ಪಡೆದ ಪ್ರಯೋಗವಾಗಿಯೇ ನಡೆಯಬೇಕು, ಅದಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ ಎಂದಿತು. ಆದ್ದರಿಂದ ಯಾರಾದರೂ ಇಂಥ ಚಿಕಿತ್ಸೆ ಸೂಚಿಸಿದರೆ, ‘ಇದಕ್ಕೆ ಔಷಧ ನಿಯಂತ್ರಕರ ಒಪ್ಪಿಗೆ ಇದೆಯೇ?’ ಎಂದು ಕೇಳಿ, ಕಾಗದ ನೋಡಿ, ನಿಮ್ಮ ಕುಟುಂಬ ವೈದ್ಯರಿಗೂ ತೋರಿಸಿ.

ಮಜ್ಜೆ ಕೊಡಲು ಹಿಂಜರಿಯುವವರಿಗೆ ಧೈರ್ಯ ಹೇಳಿ. ಆದರೆ ಒತ್ತಾಯ ಬೇಡ. ಕೊಡುವವರು ತಿಳಿದು ಒಪ್ಪಿ ಕೊಡಬೇಕು.