ಚವತಿಗೆ ಹೇಳ್ರಿ, ದಸರೆಗೆ ಕಳಸ್ರಿ

"ವೈನಿ, ನಾವು ಕೊಟ್ಟ ಉಡುಗೊರೀಗಿ ಅವ್ರ ರೊಕ್ಕಾ ಕಟ್ಟೂ ಪಾಳಿ ಬಂತ್ರಿ!"

ಜನವರಿ ಎರಡನೇ ವಾರ ಫೋನಿನಲ್ಲಿ ಹೀಗೆ ಅತ್ತವಳು ರಾಯಬಾಗ ಕಡೆಯ ಹುಡುಗಿ. ಇಂಗ್ಲೆಂಡಿಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಪಕ್ಕದ ಮನೆಯಲ್ಲಿ ವಯಸ್ಸಾದ ಗಂಡ-ಹೆಂಡತಿ ಇದ್ದಾರೆ. ಇವಳ ಡ್ಯೂಟಿ ತಡವಾದ ದಿನ ಮಗನನ್ನು ಶಾಲೆಯಿಂದ ಕರಕೊಂಡು ಬಂದವರು, ಬಾಯ್ಲರ್ ಕೆಟ್ಟಾಗ ತಮ್ಮ ಮನೆಯ ಹೀಟರ್ ತಂದಿಟ್ಟವರು. ಅವರಿಬ್ಬರಿಗೂ, ಅವರ ಮಗಳಿಗೂ ಕ್ರಿಸ್‌ಮಸ್‌ಗೆ ಅಥಣಿಯ ಚಪ್ಪಲಿ ಕೊಡಬೇಕೆಂದು ಇವಳ ಆಸೆ. ಡಿಸೆಂಬರ್ ಮೊದಲ ವಾರ ಊರ ಕಡೆಯ ಅಂಗಡಿಗೆ ವಾಟ್ಸ್ಯಾಪ್ ಮಾಡಿ, ಮೂರೂ ಜೋಡಿ ಒಂದೇ ಡಬ್ಬಿಯಲ್ಲಿ ಹಾಕಿಸಿ, ನೇರವಾಗಿ ಆ ಮನೆಯ ವಿಳಾಸಕ್ಕೇ ಕಳಿಸಲು ಹೇಳಿದಳು. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ‘ಗಿಫ್ಟ್’ ಎಂದು ಬರೆಸಿದಳು.

ಕ್ರಿಸ್‌ಮಸ್ ಮುಗಿಯಿತು, ಹೊಸ ವರ್ಷವೂ ಬಂತು. ಆಮೇಲೆ ಆ ಮನೆಗೆ ಬಂದದ್ದು ಡಬ್ಬಿಯಲ್ಲ, ಒಂದು ಚೀಟಿ. ವ್ಯಾಟ್ ಇಷ್ಟು, ಅದನ್ನು ವಸೂಲಿ ಮಾಡುವ ಶುಲ್ಕ ಇಷ್ಟು, ಕಟ್ಟಿ ಬಿಡಿಸಿಕೊಳ್ಳಿ ಎಂದು. ಆ ಅಜ್ಜ ಯಾರಿಗೂ ಹೇಳದೆ ಕಟ್ಟಿ ಬಿಡಿಸಿಕೊಂಡರು. ಅವರ ಮನೆಯಲ್ಲಿ ಆಡಲು ಹೋದ ಮಗ ಆ ಚೀಟಿ ನೋಡಿ ಬಂದು ಹೇಳಿದಾಗಲೇ ಇವಳಿಗೆ ಗೊತ್ತಾದದ್ದು.

ನನಗೆ ಬಹಳ ಸಿಟ್ಟು ಬಂತು. ಅವಳ ಮೇಲಲ್ಲ. "ಮ್ಯಾಲ ಗಿಫ್ಟ್ ಅಂತ ಬರಸ್ರಿ, ಏನೂ ಆಗೂದಿಲ್ಲ" ಎಂಬ ಮಾತು ನಮ್ಮ ಮಂದಿಯ ಎಲ್ಲ ವಾಟ್ಸ್ಯಾಪ್ ಗುಂಪುಗಳಲ್ಲೂ ಪ್ರತಿ ಚಳಿಗಾಲ ತಿರುಗುತ್ತದಲ್ಲ, ಅದರ ಮೇಲೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಿಂದ ಈ ವರ್ಷ ಹೊಸದಾಗಿ ಬಂದ ಮನೆಗಳು ನಮ್ಮ ಕೂಟದಲ್ಲಿ ಹೆಚ್ಚಾಗಿವೆ. ಅವರಾದರೂ ಇದನ್ನು ಸರಿಯಾಗಿ ತಿಳಿದುಕೊಳ್ಳಲಿ ಎಂದು ಬರೆಯುತ್ತಿದ್ದೇನೆ.

ಡಬ್ಬಿಯ ಮೇಲೆ ‘ಗಿಫ್ಟ್’ ಎಂದು ಬರೆದ ಮಾತ್ರಕ್ಕೆ ಕಸ್ಟಮ್ಸ್‌ನವರ ಕಣ್ಣಿನಲ್ಲಿ ಅದು ಉಡುಗೊರೆ ಆಗುವುದಿಲ್ಲ. ಒಬ್ಬ ಖಾಸಗಿ ವ್ಯಕ್ತಿ ತನ್ನ ರೊಕ್ಕದಲ್ಲಿ ಕೊಂಡು ಇನ್ನೊಬ್ಬ ಖಾಸಗಿ ವ್ಯಕ್ತಿಗೆ ಕಳಿಸಿದ್ದು ಮಾತ್ರ ಉಡುಗೊರೆ. ಅದರ ಬೆಲೆ 39 ಪೌಂಡ್ ಒಳಗಿದ್ದರೆ ವ್ಯಾಟ್ ಇಲ್ಲ. ಕಳಿಸಿದವರ ಜಾಗದಲ್ಲಿ ಅಂಗಡಿಯ ಹೆಸರಿದ್ದು, ಒಳಗೆ ಅಂಗಡಿಯ ಬಿಲ್ ಇದ್ದರೆ ಅದು ವ್ಯಾಪಾರ. ಬೆಲೆ ಎಷ್ಟೇ ಕಡಿಮೆ ಇದ್ದರೂ ಶೇ 20 ವ್ಯಾಟ್ ಬೀಳುತ್ತದೆ, 135 ಪೌಂಡ್ ದಾಟಿದರೆ ಸುಂಕವೂ ಬರಬಹುದು. ವ್ಯಾಟ್ ಹಾಕುವಾಗ ವಸ್ತುವಿನ ಬೆಲೆಯನ್ನಷ್ಟೇ ಹಿಡಿಯುವುದಿಲ್ಲ, ಕಳಿಸಿದ ಖರ್ಚನ್ನೂ ಕೂಡಿಸುತ್ತಾರೆ. ಬೆಳಗಾವಿಯಿಂದ ಇಲ್ಲಿಗೆ ಕೊರಿಯರ್ ಖರ್ಚು ಎಷ್ಟೋ ಸಲ ಚಪ್ಪಲಿಯ ಬೆಲೆಯನ್ನೇ ಮೀರುತ್ತದೆ ಎನ್ನುವುದು ನಿಮಗೆ ಗೊತ್ತೇ ಇದೆ. ಅಂಗಡಿಯವರು ಮಾರುವಾಗಲೇ ವ್ಯಾಟ್ ಹಿಡಿದು ಕಟ್ಟಿರದಿದ್ದರೆ, ಇಷ್ಟನ್ನೂ ಕಟ್ಟಬೇಕಾದವರು ಕಳಿಸಿದವರಲ್ಲ, ಯಾರ ವಿಳಾಸಕ್ಕೆ ಬಂತೋ ಅವರು. ರಾಯಬಾಗದ ಹುಡುಗಿ ಸಿಕ್ಕಿಕೊಂಡದ್ದು ಇಲ್ಲೇ.

ಹಾಗಾದರೆ ಹೆಂಗ ಕಳಿಸಬೇಕು? ನಿಮ್ಮ ಅಪ್ಪನೋ ಅಣ್ಣನೋ ಅಥಣಿಗೆ ಹೋಗಿ, ಕೈಯಾರೆ ಆರಿಸಿ, ರೊಕ್ಕ ಕೊಟ್ಟು ತಂದು, ತಮ್ಮ ಹೆಸರಿನಿಂದ, ಮನೆಯ ವಿಳಾಸದಿಂದ ಕಳಿಸಲಿ. ಒಂದೇ ಡಬ್ಬಿಯಲ್ಲಿ ಮೂವರ ಉಡುಗೊರೆ ಇದ್ದರೆ ಮೂರನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ, ಒಂದೊಂದರ ಮೇಲೂ ಯಾರಿಗೆಂದು ಹೆಸರು ಬರೆದು, ಕಸ್ಟಮ್ಸ್ ಫಾರ್ಮಿನಲ್ಲೂ ಪ್ರತಿಯೊಂದನ್ನು ಬೆಲೆಯೊಡನೆ ಬೇರೆ ಬೇರೆ ಸಾಲಿನಲ್ಲಿ ನಮೂದಿಸಬೇಕು. ಆಗ 39 ಪೌಂಡಿನ ಮಿತಿ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಸಿಗುತ್ತದೆ. ಸುಮ್ಮನೆ ‘ಚಪ್ಪಲಿ, ಮೂರು ಜೋಡಿ’ ಎಂದು ಬರೆದರೆ ಮೂರರ ಬೆಲೆ ಕೂಡಿ ಒಂದೇ ಲೆಕ್ಕವಾಗಿ ಮಿತಿ ದಾಟಬಹುದು. ಇನ್ನು ಡಬ್ಬಿ ನಿಮ್ಮ ಮನೆಗೇ ಬರಲಿ. ಕಟ್ಟುವುದು ಬಂದರೆ ನೀವೇ ಕಟ್ಟಿ, ಆಮೇಲೆ ನೀವೇ ಹೋಗಿ ಕೈಗೆ ಕೊಡಿ. ಬೆಲೆ ಕಡಿಮೆ ಬರೆಯುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಅದು ಸುಳ್ಳು ಘೋಷಣೆ, ಡಬ್ಬಿಯೇ ಜಪ್ತಿಯಾಗಬಹುದು.

ಇದಕ್ಕಿಂತ ಸುಲಭದ ದಾರಿ ಊರಿಂದ ಬರುವವರ ಬ್ಯಾಗು. ದಸರೆಯ ರಜೆಗೋ ದೀಪಾವಳಿ ಮುಗಿಸಿಕೊಂಡೋ ಅವ್ವ-ಅಪ್ಪ ಬರುತ್ತಾರಲ್ಲ, ವಿಮಾನದಲ್ಲಿ ಬರುವ ಒಬ್ಬೊಬ್ಬರೂ 390 ಪೌಂಡ್ ಬೆಲೆಯವರೆಗಿನ ವಸ್ತು ಸುಂಕವಿಲ್ಲದೆ ತರಬಹುದು. ಅವು ತಮ್ಮ ಬಳಕೆಗೆ ಇಲ್ಲವೇ ಉಡುಗೊರೆಗೆ ತಂದವಾಗಿರಬೇಕು. ಆದರೆ ಬೆಳಗಾವಿ ಕುಂದಾ, ಧಾರವಾಡ ಪೇಡೆ ಮಾತ್ರ ಬ್ಯಾಗಿನಲ್ಲೂ ಬೇಡ, ಪಾರ್ಸಲಿನಲ್ಲೂ ಬೇಡ. ಭಾರತದಿಂದ ಹಾಲಿನ ಪದಾರ್ಥ ತರಲು ಈ ದೇಶ ಬಿಡುವುದಿಲ್ಲ. ಇಲ್ಲಿನವರಿಗೆ ಕುಂದಾ ತಿನ್ನಿಸಬೇಕೆಂಬ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಅವರನ್ನು ಒಮ್ಮೆ ಬೆಳಗಾವಿಗೇ ಕರಕೊಂಡು ಹೋಗಿ.

ಹೊತ್ತಿನ ಮಾತಿಗೆ ಬರುತ್ತೇನೆ. ಅಥಣಿಯ ಒಳ್ಳೆಯ ಚಪ್ಪಲಿ ಹೇಳಿದ ಮರುದಿನ ಸಿಗುವ ವಸ್ತುವಲ್ಲ. ಅಳಲೆಕಾಯಿ, ಜಾಲಿ ತೊಗಟೆಯಲ್ಲಿ ತೊಗಲನ್ನು ಹದ ಮಾಡಬೇಕು, ಒಣಗಿಸಬೇಕು, ಕೊಯ್ಯಬೇಕು. ಮೊಳೆ ಹಾಕದೆ ತೊಗಲಿನ ಎಳೆಯಲ್ಲೇ ಅಟ್ಟೆಗಳನ್ನು ಹೊಲಿಯಬೇಕು. ಮೇಲಿನ ಸಣ್ಣ ಹೆಣಿಗೆ ಬಹಳ ಮನೆಗಳಲ್ಲಿ ಹೆಂಗಸರ ಕೈಯ ಕೆಲಸ. ಮಳೆಗಾಲದಲ್ಲಿ ತೊಗಲು ಬೇಗ ಒಣಗುವುದಿಲ್ಲ. ಆದ್ದರಿಂದ ಗಣೇಶ ಚವತಿಗೆ ಹೇಳಿಬಿಡಿ, ದಸರೆ ಹೊತ್ತಿಗೆ ಊರಿಂದ ಹೊರಡಲಿ. ನವೆಂಬರಿನಲ್ಲಿ ನಿಮ್ಮ ಕೈಯಲ್ಲಿದ್ದರೆ ನಿಶ್ಚಿಂತೆ. ಡಿಸೆಂಬರಿನಲ್ಲಿ ಹೊರಟ ಡಬ್ಬಿ ಯಾವಾಗ ಮುಟ್ಟುತ್ತದೆ ಎಂದು ಯಾರೂ ಖಾತ್ರಿ ಕೊಡಲಾರರು.

ಚಪ್ಪಲಿ ಯಾರಿಗೆ ಕೊಡಬೇಕು ಎಂಬುದರಲ್ಲೂ ವಿಚಾರ ಇರಲಿ. ಮೇಲಧಿಕಾರಿಗೆ, ಮಗುವಿನ ಟೀಚರಿಗೆ ಬೇಡ. ಪಾದದ ಅಳತೆ ಕೇಳುವಷ್ಟು ಸಲಿಗೆ ಇರುವವರಿಗೆ ಮಾತ್ರ ಕೊಡಿ. ಬಿಳಿ ಹಾಳೆಯ ಮೇಲೆ ಪಾದ ಇಡಿಸಿ, ಪೆನ್ಸಿಲ್ಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದು ಊರಿಗೆ ಕಳಿಸಿದರೆ ನಂಬರಿನ ಗೊಂದಲವೇ ಇಲ್ಲ. ಹೊಸ ಜೋಡಿ ಬಿರುಸಾಗಿರುತ್ತದೆ, ಸ್ವಲ್ಪ ಎಣ್ಣೆ ಸವರಿ ಮನೆಯೊಳಗೆ ನಾಲ್ಕು ದಿನ ಮೆಟ್ಟಿರಿ, ಇಲ್ಲಿನ ಚಳಿಗಾಲದ ಮಳೆಗೆ ಹಾಕಬೇಡಿ, ಬೇಸಿಗೆಗೆ ಇಟ್ಟುಕೊಳ್ಳಿ ಎಂದು ಒಂದು ಕಾರ್ಡಿನಲ್ಲಿ ಬರೆದು ಇಡಿ. ಅದೇ ಕಾರ್ಡಿನಲ್ಲಿ ಅಥಣಿಯ ಹೆಸರನ್ನೂ ಬರೆಯಿರಿ ಎಂದು ಕೈ ಮುಗಿದು ಕೇಳುತ್ತೇನೆ. ಕೊಲ್ಹಾಪುರಿ ಎನ್ನುವ ಈ ಚಪ್ಪಲಿ ನಮ್ಮ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಮನೆಗಳಲ್ಲೂ ತಯಾರಾಗುತ್ತದೆ. 2019ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಇವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಪ್ರದರ್ಶನದಲ್ಲಿ ಇದೇ ನಮೂನೆಯ ಚಪ್ಪಲಿ ತೋರಿಸಿ, ಎಲ್ಲಿಯದೆಂದು ಹೇಳದೆ ಟೀಕೆಗೆ ಗುರಿಯಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಕರ್ನಾಟಕದ ಲಿಡ್ಕರ್, ಮಹಾರಾಷ್ಟ್ರದ ಲಿಡ್ಕಾಮ್ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಊರ ಹೆಸರು ಹೇಳುವ ಕೆಲಸ ನಮ್ಮ ಕೈಯಲ್ಲೂ ಇದೆ.

ಚಪ್ಪಲಿ ಕೊಡದ ಉಳಿದವರಿಗೆ ಇಲ್ಲಿಯೇ ಆನ್‌ಲೈನ್ ತರಿಸಿ. ಹೆಚ್ಚು ಖರ್ಚು ಬೇಕಿಲ್ಲ. ಆಫೀಸಿನಲ್ಲಿ ಚೀಟಿ ಎತ್ತಿ ಒಬ್ಬರಿಗೊಬ್ಬರು ಗುಟ್ಟಾಗಿ ಉಡುಗೊರೆ ಕೊಡುವ ‘ಸೀಕ್ರೆಟ್ ಸಾಂತಾ’ಕ್ಕೆ ಐದೋ ಹತ್ತೋ ಪೌಂಡ್ ಎಂದು ಮಿತಿ ಹಾಕಿದ್ದರೆ ಅದನ್ನು ಮೀರುವುದು ದೊಡ್ಡಸ್ತಿಕೆಯಲ್ಲ, ಎದುರಿನವರಿಗೆ ಮುಜುಗರ. ಬಹಳ ಶಾಲೆಗಳಲ್ಲಿ ಟೀಚರಿಗೆ ತಾಯಂದಿರೆಲ್ಲ ಸೇರಿ ಒಂದೇ ಉಡುಗೊರೆ ಕೊಡುತ್ತಾರೆ, ನವೆಂಬರಿನಲ್ಲೇ ವಿಚಾರಿಸಿ. ಮಕ್ಕಳು ತರಗತಿಯ ಎಲ್ಲರಿಗೂ ಕಾರ್ಡ್ ಬರೆಯುತ್ತಾರೆ, ಹೆಸರುಗಳ ಪಟ್ಟಿ ಶಾಲೆಯಿಂದ ಮೊದಲೇ ತರಿಸಿಕೊಳ್ಳಿ. ನಮ್ಮ ಕಡೆ ಮದುವೆಯ ಆಹೇರಕ್ಕೆ ವಹಿ ಇಡುತ್ತೇವಲ್ಲ, ಅಂಥ ಒಂದು ವಹಿ ಇಲ್ಲೂ ಇಡಿ. ಯಾರಿಗೆ ಏನು ಕೊಟ್ಟೆವು, ಯಾರು ಏನು ಕೊಟ್ಟರು ಎಂದು ಬರೆದಿಟ್ಟರೆ ಮುಂದಿನ ವರ್ಷದ ಅರ್ಧ ಕೆಲಸ ಮುಗಿದ ಹಾಗೆ.

ಬೇಗ ಕೊಳ್ಳುವವರು ಒಂದನ್ನು ಗಮನಿಸಬೇಕು. ಆನ್‌ಲೈನ್ ಕೊಂಡದ್ದು ಬೇಡವಾದರೆ, ಕೈಗೆ ಬಂದ ದಿನದಿಂದ 14 ದಿನದೊಳಗೆ ರದ್ದು ಮಾಡುವ ಹಕ್ಕು ಇಲ್ಲಿನ ಕಾನೂನಿನಲ್ಲಿದೆ. ಅಕ್ಟೋಬರಿನಲ್ಲಿ ತರಿಸಿದ ಸ್ವೆಟರ್ ಡಿಸೆಂಬರ್ 25ಕ್ಕೆ ಬಿಚ್ಚಿ ನೋಡಿದಾಗ ಸಣ್ಣದೆನಿಸಿದರೆ ಆ 14 ದಿನ ಎಂದೋ ಮುಗಿದಿರುತ್ತವೆ. ಹಬ್ಬಕ್ಕೆಂದು ಜನವರಿಯವರೆಗೆ ವಾಪಸ್ ತೆಗೆದುಕೊಳ್ಳುವ ಅಂಗಡಿಗಳು ಬಹಳ ಇವೆ, ಎಲ್ಲವೂ ಹಾಗಲ್ಲ. ಕೊಳ್ಳುವ ಮೊದಲೇ ಆ ನಿಯಮ ಓದಿ, ಬೆಲೆ ಕಾಣದ ‘ಗಿಫ್ಟ್ ರಸೀತಿ’ ಕೇಳಿ ಪಡೆಯಿರಿ. ಹೆಸರು ಕೆತ್ತಿಸಿದ ಮಗ್ಗು, ಫೋಟೋ ಹಾಕಿಸಿದ ದಿಂಬಿಗೆ ಆ 14 ದಿನದ ಹಕ್ಕೂ ಇಲ್ಲ. ಅಂಗಡಿಗೆ ಹೋಗಿ ಕೊಂಡದ್ದನ್ನು ಮನಸ್ಸು ಬದಲಾಯಿತೆಂದು ವಾಪಸ್ ಮಾಡುವುದು ಆ ಅಂಗಡಿಯ ಮರ್ಜಿ.

ಮನೆಯಲ್ಲೇ ಮಾಡಿದ ಉಡುಗೊರೆಯ ಬಗ್ಗೆ ನನಗೆ ಬಹಳ ಪ್ರೀತಿ, ಅಷ್ಟೇ ಭಯ. ನಮ್ಮ ಕಡೆಯ ಕೈ ಮೊದಲು ಹೋಗುವುದೇ ಶೇಂಗಾಕ್ಕೆ. ಶೇಂಗಾ ಹೋಳಿಗೆ, ಶೇಂಗಾ ಉಂಡಿ, ಶೇಂಗಾ ಚಟ್ನಿ. ಅಥಣಿ ಕಡೆಯ ತಾಯಿಯೊಬ್ಬಳು ಕಳೆದ ಡಿಸೆಂಬರಿನಲ್ಲಿ ಮಗಳ ತರಗತಿಗೆಂದು ರಾತ್ರಿಯಿಡೀ ಉಂಡಿ ಕಟ್ಟಿ ಕಳಿಸಿದಳು. ಡಬ್ಬಿ ಶಾಲೆಯ ಆಫೀಸಿನಿಂದ ಹಾಗೇ ವಾಪಸ್ ಬಂತು. ಅವಳಿಗೆ ಅವಮಾನವಾಯಿತು, ಆದರೆ ಶಾಲೆ ಮಾಡಿದ್ದು ಸರಿ. ಇಲ್ಲಿನ ಬಹಳ ಶಾಲೆಗಳಲ್ಲಿ ಶೇಂಗಾ, ಗೋಡಂಬಿ, ಬಾದಾಮಿ ಒಳಗೆ ಬಿಡುವುದೇ ಇಲ್ಲ. ಅಲರ್ಜಿ ಇದ್ದ ಮಗುವಿಗೆ ಒಂದು ತುಣುಕು ಜೀವಕ್ಕೇ ಎರವಾಗಬಹುದು. ಎಳ್ಳು ಆದರೆ ನಡೆಯುತ್ತದೆ ಎಂದುಕೊಳ್ಳಬೇಡಿ. ನಟಾಶಾ ಎಂಬ ಹದಿನೈದು ವರ್ಷದ ಹುಡುಗಿ 2016ರಲ್ಲಿ ತೀರಿಕೊಂಡದ್ದು ಬ್ರೆಡ್ಡಿನ ಹಿಟ್ಟಿನಲ್ಲಿದ್ದ, ಚೀಟಿಯಲ್ಲಿ ನಮೂದಾಗದ ಎಳ್ಳಿನಿಂದ. ಆ ಮೇಲೆಯೇ 2021ರ ಅಕ್ಟೋಬರಿನಿಂದ, ಅಂಗಡಿಯಲ್ಲೇ ತಯಾರಿಸಿ ಪ್ಯಾಕ್ ಮಾಡಿದ ತಿನಿಸಿನ ಮೇಲೆ ಏನೇನು ಹಾಕಿದೆ ಎಂದು ಪೂರ್ತಿ ಬರೆಯುವ ಕಾನೂನು ಬಂತು. ಅದು ವ್ಯಾಪಾರಿಗಳಿಗೆ. ಮನೆಯ ಅಡುಗೆಗೂ ನಾವೇ ಆ ರೂಢಿ ಇಟ್ಟುಕೊಳ್ಳೋಣ. ಇಲ್ಲಿ ಹೆಸರಿಸಿರುವ 14 ಅಲರ್ಜಿ ಪದಾರ್ಥಗಳಲ್ಲಿ ಶೇಂಗಾ, ಎಳ್ಳು, ಹಾಲು, ಗೋಧಿ, ಸಾಸಿವೆ ಎಲ್ಲವೂ ಇವೆ. ಅಂದರೆ ನಮ್ಮ ಒಗ್ಗರಣೆಯೂ ಬಂತು. ಶಾಲೆಗೆ ತಿನಿಸು ಬೇಡ. ದೊಡ್ಡವರಿಗೆ ಕೊಡುವುದಾದರೆ ಮೊದಲು ಕೇಳಿ, ಆಮೇಲೆ ಡಬ್ಬಿಯ ಮೇಲೆ ಪದಾರ್ಥಗಳ ಪಟ್ಟಿ ಅಂಟಿಸಿ ಕೊಡಿ.

ಹಾಗಾದರೆ ಕೈಯಾರೆ ಏನು ಮಾಡಬೇಕು ಎಂದರೆ, ಕೌದಿ ಹೊಲಿಯಿರಿ. ದೊಡ್ಡ ಕೌದಿ ಅಲ್ಲ, ಚಹಾದ ಕಪ್ಪು ಇಡುವಷ್ಟು ಸಣ್ಣದು, ಇಲ್ಲವೇ ದಿಂಬಿನ ಹೊದಿಕೆಯಷ್ಟು. ಹಳೆಯ ನೂಲಿನ ಸೀರೆ ಮೂರು ಪದರು ಹಾಸಿ, ಅದರ ಮೇಲೆ ಬಣ್ಣದ ತುಂಡುಗಳನ್ನು ಅಂಚಿನಿಂದ ನಡುವಿಗೆ ಜೋಡಿಸುತ್ತ, ಸಾಲು ಹಿಡಿದು ದಪ್ಪ ದಾರದ ಉದ್ದ ಟಾಕಿ ಹಾಕುತ್ತ ಬರಬೇಕು. ಟಾಕಿ ಒಂದೇ ಸಮ ಬರಲಿಲ್ಲವೆಂದು ಬಿಚ್ಚಬೇಡಿ. ಆ ಏರಿಳಿತದಲ್ಲೇ ಕೈಯ ಗುರುತು ಇರುವುದು. ನಾಲ್ಕು ಮೂಲೆಗೂ ಬಟ್ಟೆಯನ್ನು ಮುಕ್ಕೋನವಾಗಿ ಮಡಿಸಿ ಹೊಲಿದರೆ ಮುಗಿಯಿತು. ನಮ್ಮ ಅವ್ವ ಚಿಕ್ಕೋಡಿಯಲ್ಲಿ ಬೇಸಿಗೆಯ ಮಧ್ಯಾಹ್ನ ಪಡಸಾಲೆಯಲ್ಲಿ ಕೌದಿ ಹಾಸಿಕೊಂಡು ಕೂತರೆ, ಓಣಿಯ ಹೆಂಗಸರು ಒಬ್ಬೊಬ್ಬರೇ ಬಂದು ಒಂದೊಂದು ಮೂಲೆ ಹಿಡಿಯುತ್ತಿದ್ದರು. ಇಲ್ಲಿ ಪಕ್ಕದ ಮನೆಯವರಿಗೆ ಆ ಸಣ್ಣ ತುಂಡು ಕೊಟ್ಟು, ‘ಇದು ನಮ್ಮ ಅಜ್ಜಿಯ ಸೀರೆ’ ಎಂದು ಹೇಳಿ ನೋಡಿ, ಬೆಲೆಬಾಳುವ ಯಾವ ಡಬ್ಬಿಯೂ ಅದರ ಸಮ ಬರುವುದಿಲ್ಲ. ಆದರೆ ಮನೆಗೆಲಸ, ಡ್ಯೂಟಿ, ಮಕ್ಕಳ ನಡುವೆ ಒಂದು ತುಂಡು ಮುಗಿಯಲು ವಾರಗಳೇ ಬೇಕು. ಆಗಸ್ಟಿನಲ್ಲಿ ಸೂಜಿ ಹಿಡಿಯದಿದ್ದರೆ ಆಗುವುದಿಲ್ಲ.

ಕೊನೆಗೆ ಒಂದೆರಡು ಸಣ್ಣ ಮಾತು. ಈ ದೇಶದೊಳಗೇ ಅಂಚೆಯಲ್ಲಿ ಕಳಿಸುವುದಕ್ಕೆ ಡಿಸೆಂಬರ್ ಮೂರನೇ ವಾರದ ಹೊತ್ತಿಗೆ ಕೊನೆಯ ದಿನ ಬಂದುಬಿಡುತ್ತದೆ. ಪ್ರತಿ ವರ್ಷ ಅಂಚೆಯವರು ತಾರೀಖು ಪ್ರಕಟಿಸುತ್ತಾರೆ, ನೋಡಿಕೊಳ್ಳಿ. ಇಂಗ್ಲೆಂಡ್, ವೇಲ್ಸ್‌ನಲ್ಲಿ 2004ರ ಕಾನೂನಿನಂತೆ 280 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಡಿಸೆಂಬರ್ 25ರಂದು ತೆರೆಯುವ ಹಾಗಿಲ್ಲ. ಆ ದಿನ ರೈಲೂ ಓಡುವುದಿಲ್ಲ. ಹಾಲು, ಮೊಸರು, ಆಟಿಗೆಗೆ ಬೇಕಾದ ಬ್ಯಾಟರಿ ಹಿಂದಿನ ದಿನ ಮಧ್ಯಾಹ್ನದೊಳಗೇ ತಂದಿಡಿ.

ಆಗಸ್ಟಿನಿಂದ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಕೌದಿ ಹೊಲಿಯಲು ಕೂಡುತ್ತೇವೆ. ಸೂಜಿ, ದಾರ ನನ್ನ ಹತ್ತಿರ ಇವೆ. ಊರಿಂದ ಬರುವವರಿದ್ದರೆ ಒಂದು ಹಳೆಯ ನೂಲಿನ ಸೀರೆ ತರಿಸಿಕೊಳ್ಳಿ, ಮೆತ್ತಗಾದಷ್ಟೂ ಒಳ್ಳೆಯದು. ರಾಯಬಾಗದ ಹುಡುಗಿ ಆಗಲೇ ತನ್ನ ಅವ್ವನಿಗೆ ಹೇಳಿಯಾಗಿದೆ.