ಎಂಜಿನ್ನಿನ ಸಮತೋಲ ಮತ್ತು ಲ್ಯಾಂಚೆಸ್ಟರನ ಸಾಧನೆ

‘ಸಮತೋಲ’ವೆಂಬ ಮಾತಿನೊಳಗೇ ತಕ್ಕಡಿಯು ಅಡಗಿದೆ, ‘ತುಲಾ’ ಎಂದರೆ ತಕ್ಕಡಿಯಷ್ಟೆ. ಮಕ್ಕಳು ಆಡುವ ಸೀಸಾ ಹಲಗೆಯೂ ಒಂದು ಬಗೆಯ ತಕ್ಕಡಿಯೇ. 30 ಕಿಲೋಗ್ರಾಂ ತೂಕದ ಬಾಲಕನು ನಡುವಣ ಆಧಾರದಿಂದ 2 ಮೀಟರ್ ದೂರದಲ್ಲಿ ಕುಳಿತರೆ, 20 ಕಿಲೋಗ್ರಾಂ ತೂಕದ ಬಾಲಕಿಯು ಎದುರು ಬದಿಯಲ್ಲಿ 3 ಮೀಟರ್ ದೂರದಲ್ಲಿ ಕುಳಿತು ಅವನನ್ನು ಸರಿದೂಗಿಸಬಲ್ಲಳು. ತೂಕವನ್ನು ದೂರದಿಂದ ಗುಣಿಸಿದರೆ ಎರಡು ಕಡೆಗೂ 60 ಬರುವುದೇ ಇದರ ಮರ್ಮ. ಆದರೆ ಉರುಳೆಯ ಮೇಲಿರಿಸಿದ ಹಲಗೆಯನ್ನೇರಿ ನಿಂತವನಿಗೆ ಈ ಗಣಿತವೊಂದೇ ಸಾಲದು. ಆಧಾರವೇ ಚಲಿಸುತ್ತಿರುವುದರಿಂದ ಅವನು ಒಂದು ಚಲನೆಯನ್ನು ಇನ್ನೊಂದು ಎದುರುಚಲನೆಯಿಂದ ತಡೆಯುತ್ತಲೇ ಇರಬೇಕು. ಮೋಟಾರು ಎಂಜಿನ್ನಿನ ಸಮಸ್ಯೆಯೂ ಈ ಎರಡನೆಯ ಬಗೆಯದು.

ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ತನ್ನ ಮೂರು ಗಾಲಿಯ ಮೋಟಾರು ಗಾಡಿಗೆ ಪೇಟೆಂಟ್ ಪಡೆದನು. 1888ರಲ್ಲಿ ಅವನ ಪತ್ನಿ ಬರ್ತಾ ಇಬ್ಬರು ಮಕ್ಕಳೊಡನೆ ಅಂತಹುದೇ ಗಾಡಿಯಲ್ಲಿ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಪಯಣಿಸಿ ಅದರ ಉಪಯುಕ್ತತೆಯನ್ನು ಲೋಕಕ್ಕೆ ತೋರಿದಳು. ಗಾಡಿಯೇನೋ ನಡೆಯಿತು, ನಡುಕವು ಉಳಿಯಿತು. ಸಿಲಿಂಡರಿನೊಳಗೆ ಪಿಸ್ಟನ್ ಮೇಲೇರಿ ನಿಂತು, ಮರಳಿ ಕೆಳಗಿಳಿಯುವಾಗ ಪ್ರತಿ ತಿರುವಿನಲ್ಲಿಯೂ ಎಂಜಿನ್ನನ್ನು ಅಲುಗಿಸುತ್ತದೆ. ತಿರುಗುವ ದಂಡಕ್ಕೆ ಎದುರುತೂಕವನ್ನು ಕಟ್ಟಿದರೆ ಮೇಲುಕೆಳಗಿನ ಅಲುಗಾಟವು ತಗ್ಗುವುದು ದಿಟ. ಆದರೆ ಆ ತೂಕವು ಸುತ್ತುವಾಗ ಅಕ್ಕಪಕ್ಕಕ್ಕೆ ಎಳೆಯುವ ಹೊಸ ಅಲುಗಾಟವು ಹುಟ್ಟುತ್ತದೆ.

ಈ ತೊಡಕನ್ನು ಬಿಡಿಸಿದವರಲ್ಲಿ ಇಂಗ್ಲೆಂಡಿನ ಫ್ರೆಡೆರಿಕ್ ಲ್ಯಾಂಚೆಸ್ಟರ್ (1868–1946) ಅಗ್ರಗಣ್ಯನು. 1896ರಲ್ಲಿ ಓಡಿದ ಅವನ ಮೊದಲ ಕಾರಿಗೆ ಒಂಟಿ ಸಿಲಿಂಡರಿನ ಎಂಜಿನ್ನಿದ್ದಿತು. 1897ರಲ್ಲಿ ಅವನು ಅದಕ್ಕೆ ಬದಲಾಗಿ ಎರಡು ಸಿಲಿಂಡರಿನ ಎಂಜಿನ್ನನ್ನು ಅಳವಡಿಸಿ, ಒಂದಕ್ಕೊಂದು ಎದುರಾಗಿ ತಿರುಗುವ ಎರಡು ದಂಡಗಳನ್ನು ಅದರಲ್ಲಿ ಇರಿಸಿದನು. ಒಂದರ ಪಕ್ಕದೆಳೆತವನ್ನು ಮತ್ತೊಂದು ಅಳಿಸಿತು.

ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಎರಡು ಪಿಸ್ಟನ್ನುಗಳು ಏರುವಾಗ ಎರಡು ಇಳಿಯುತ್ತವೆ. ನೋಡಲು ಇದು ಸರಿದೂಗಿದ ಸೀಸಾದಂತೆಯೇ ಕಾಣುತ್ತದೆ. ಆದರೂ ಪಿಸ್ಟನ್ನನ್ನು ದಂಡಕ್ಕೆ ಜೋಡಿಸುವ ಕೋಲು ಓರೆಯಾಗುವುದರಿಂದ, ಮೇಲುತುದಿಯ ಬಲವು ಕೆಳತುದಿಯ ಬಲಕ್ಕಿಂತ ಹೆಚ್ಚಾಗಿದ್ದು, ಒಂದು ಸುತ್ತಿಗೆ ಎರಡು ಬಾರಿ ನಡುಕವು ಉಳಿಯುತ್ತದೆ. ಇದಕ್ಕೆ ಲ್ಯಾಂಚೆಸ್ಟರ್ ಕಂಡ ಪರಿಹಾರವು ಸೊಗಸಾದುದು: ಓರೆತೂಕವುಳ್ಳ ಎರಡು ದಂಡಗಳನ್ನು ಎಂಜಿನ್ನಿನ ಇಮ್ಮಡಿ ವೇಗದಲ್ಲಿ ವಿರುದ್ಧ ದಿಕ್ಕುಗಳಿಗೆ ತಿರುಗಿಸುವುದು.

ಇಂತಹ ಪ್ರತಿಭಾವಂತನಿಗೆ ಬಾಳಿನಲ್ಲಿ ಮಾತ್ರ ತಕ್ಕಡಿಯು ಸಮನಾಗಲಿಲ್ಲ. ಅವನ ಹೆಸರಿನ ಸಂಸ್ಥೆಯು 1931ರಲ್ಲಿ ಅನ್ಯರ ಕೈಸೇರಿತು. ಅವನ ಕೊನೆಗಾಲವು ಹಣದ ಅಡಚಣೆಯಲ್ಲಿಯೇ ಕಳೆಯಿತು. ಆದರೆ ವಿದ್ಯೆಯು ಮಡಿಯಲಿಲ್ಲ. 1970ರ ದಶಕದಲ್ಲಿ ಜಪಾನಿನ ಮಿತ್ಸುಬಿಷಿ ಸಂಸ್ಥೆಯು ಅದೇ ತತ್ತ್ವವನ್ನು ಪರಿಷ್ಕರಿಸಿ ಬಳಕೆಗೆ ತಂದಿತು. ಬಳಿಕ ಜರ್ಮನಿಯ ಪೋರ್ಷೆ ಸಂಸ್ಥೆಯು ಅದರ ಹಕ್ಕನ್ನು ಪಡೆದು 944 ಕಾರಿನಲ್ಲಿ ಅಳವಡಿಸಿತು. ಇಂದಿಗೂ ಅನೇಕ ನಾಲ್ಕು ಸಿಲಿಂಡರಿನ ಎಂಜಿನ್ನುಗಳಲ್ಲಿ ಆ ಜೋಡಿ ದಂಡಗಳು ಕಣ್ಣಿಗೆ ಬೀಳದೆ ದುಡಿಯುತ್ತಿವೆ. ಪಯಣಿಗನಿಗೆ ಅವುಗಳ ಅರಿವಾಗದಿರುವುದೇ ಅವುಗಳ ಸಾರ್ಥಕತೆ.