ಯಕೃತ್ತು ಮತ್ತು ನಮ್ಮ ದಿನಚರಿ

“ಊಟ ಬಲ್ಲವನಿಗೆ ರೋಗವಿಲ್ಲ” ಎಂಬುದು ನಮ್ಮ ಹಿರಿಯರ ಮಾತು. ಆದರೆ ಊಟ ಬಲ್ಲವನೆಂದರೆ ಯಾರು? ಹಿತಮಿತವಾಗಿ ಉಣ್ಣುವವನು ಮಾತ್ರವಲ್ಲ. ಉಂಡುದನ್ನು ದುಡಿಮೆಯಿಂದ ಕರಗಿಸಲು ತಿಳಿದವನೂ ಹೌದು. ಈ ಎರಡನೆಯ ಅರ್ಥವನ್ನು ಮರೆತರೆ ಅದರ ಭಾರವನ್ನು ಹೊರತಕ್ಕದ್ದು ನಮ್ಮ ಯಕೃತ್ತು, ಎಂದರೆ ಪಿತ್ತಜನಕಾಂಗ.

ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿರುವ ಈ ಅಂಗವು ವಯಸ್ಕರಲ್ಲಿ ಸುಮಾರು ಒಂದೂವರೆ ಕಿಲೋಗ್ರಾಂ ತೂಗುತ್ತದೆ. ಅದರ ಕೆಲಸವನ್ನು ಅರಿಯಲು ನಮ್ಮ ದಾವಣಗೆರೆಯ ಕೃಷಿ ಮಾರುಕಟ್ಟೆಯನ್ನು ನೆನೆಯಬಹುದು. ಸುತ್ತಣ ಹಳ್ಳಿಗಳ ಮೆಕ್ಕೆಜೋಳವು ಮೊದಲು ಮಾರುಕಟ್ಟೆಯ ಅಂಗಳಕ್ಕೆ ಬಂದು, ತೂಕವಾಗಿ, ಬಳಿಕ ಗೋದಾಮಿಗೋ ಲಾರಿಗೋ ಸೇರುವಂತೆ, ಕರುಳು ಹೀರಿದ ಆಹಾರಸತ್ವದ ಬಹುಭಾಗವು ರಕ್ತದೊಡನೆ ಮೊದಲು ಯಕೃತ್ತಿಗೇ ಬರುತ್ತದೆ. ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟು ಹಸಿದಾಗ ಬಿಡುಗಡೆ ಮಾಡುವುದು, ಪಿತ್ತರಸವನ್ನು ತಯಾರಿಸುವುದು, ವಿಷಪದಾರ್ಥಗಳನ್ನು ನಿವಾರಿಸುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ಒದಗಿಸುವುದು ಇವೆಲ್ಲವೂ ಅದರ ಕೆಲಸಗಳೇ.

ಆದರೆ ಗೋದಾಮಿಗೂ ಒಂದು ಮಿತಿಯುಂಟು. ಖರ್ಚಾಗದೆ ಉಳಿದ ಸಕ್ಕರೆಯು ಕೊಬ್ಬಾಗಿ ಮಾರ್ಪಟ್ಟು ಯಕೃತ್ತಿನ ಜೀವಕೋಶಗಳಲ್ಲಿಯೇ ನಿಲ್ಲತೊಡಗುತ್ತದೆ. ಚೀಲಗಳು ಓಣಿಯನ್ನೂ ತುಂಬಿದರೆ ಹಮಾಲರಿಗೆ ಕಾಲಿಡಲು ಎಡೆಯೆಲ್ಲಿ? ವೈದ್ಯರು ಇದನ್ನೇ ‘ಫ್ಯಾಟಿ ಲಿವರ್’ ಎನ್ನುತ್ತಾರೆ. ಮುಂದೆ ಕೆಲವರಲ್ಲಿ ಉರಿಯೂತವುಂಟಾಗಿ, ಗಾಯ ಮಾಗಿದ ಕಲೆಯಂತೆ ಯಕೃತ್ತು ಗಟ್ಟಿಯಾಗುತ್ತದೆ. ಇದು ಬಲಿತ ಸ್ಥಿತಿಯೇ ಸಿರೋಸಿಸ್. ಇಷ್ಟಾದರೂ ಬಹುಕಾಲ ನೋವಾಗುವುದಿಲ್ಲವೆಂಬುದೇ ಇದರ ಅಪಾಯ.

ಈ ವಿಷಯವನ್ನು ನಾನು ಆರಿಸಿಕೊಂಡುದಕ್ಕೆ ಕಾರಣವುಂಟು. ನಮ್ಮ ದೊಡ್ಡಪ್ಪನವರು ಹೆಂಡವನ್ನು ಕೈಯಿಂದಲೂ ಮುಟ್ಟಿದವರಲ್ಲ. ಹೊಲ ಬಿಟ್ಟು ಪೇಟೆಗೆ ಬಂದು, ಅಂಗಡಿಯ ಗಲ್ಲೆಯ ಮುಂದೆ ಇಪ್ಪತ್ತು ವರ್ಷ ಕುಳಿತರು. ಊಟ ಹೊಲದ ಕಾಲದ್ದೇ. ಜೊತೆಗೆ ದಿನಕ್ಕೆ ಏಳೆಂಟು ಸಕ್ಕರೆಯ ಚಹ. ಹೊಟ್ಟೆಯಲ್ಲಿ ನೀರು ತುಂಬಿ, ಸಿರೋಸಿಸ್ ಎಂದು ತಿಳಿದಾಗ, “ಮರೆಯಲ್ಲಿ ಕುಡಿಯುತ್ತಿದ್ದರೇನೋ” ಎಂದು ಬಂಧುಗಳೇ ಪಿಸುಗುಟ್ಟಿದರು. ರೋಗಕ್ಕಿಂತ ಆ ಮಾತೇ ಅವರನ್ನು ಹೆಚ್ಚು ನೋಯಿಸಿತು. ಮದ್ಯಪಾನವು ಯಕೃತ್ತಿನ ದೊಡ್ಡ ಶತ್ರುವೆಂಬುದು ನಿಜ. ಅದಕ್ಕೆ ನಿರಪಾಯವಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಸಾರಿತು. ಆದರೆ ಕುಡಿಯದವನಿಗೆ ಭಯವಿಲ್ಲವೆಂಬ ನಂಬಿಕೆ ಸರಿಯಲ್ಲ. ಭಾರತ ಸರ್ಕಾರವು ೨೦೨೧ರಲ್ಲಿ, ಮದ್ಯದಿಂದಲ್ಲದೆ ಬರುವ ಫ್ಯಾಟಿ ಲಿವರನ್ನೂ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸೇರಿಸಿದುದು ಇದೇ ಕಾರಣದಿಂದ.

ಒಂದು ಕಾಲಕ್ಕೆ ಹತ್ತಿಗಿರಣಿಗಳಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿದ್ದ ಊರು ನಮ್ಮದು. ಗಿರಣಿಯಲ್ಲಿ ಪಾಳಿಯುದ್ದಕ್ಕೂ ನಿಂತು ದುಡಿದವನಿಗೂ, ಹೊಲದಲ್ಲಿ ಕುಂಟೆ ಹೊಡೆದವನಿಗೂ ಬೆಣ್ಣೆದೋಸೆಯು ಬಲವನ್ನೇ ಕೊಡುತ್ತಿತ್ತು. ಬೆಂಚಿನ ಮೇಲೆ ಕುಳಿತು ಓದುವ, ಸಂಜೆ ಮೊಬೈಲು ಹಿಡಿದು ಮಂಡಕ್ಕಿ ಮಿರ್ಚಿ ತಿನ್ನುವ ನಮಗೆ ಅದೇ ತಿಂಡಿ ಸಾಲವಾಗಿ ಕೂಡುತ್ತದೆ. ದೋಷವು ದೋಸೆಯದಲ್ಲ, ಕುರ್ಚಿಯದು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದು ನಡಿಗೆ. ವಾರಕ್ಕೆ ೧೫೦ ನಿಮಿಷ, ಎಂದರೆ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆದರೆ ಸಾಕು. ನಿಜಲಿಂಗಪ್ಪ ಬಡಾವಣೆಯ ರಸ್ತೆಗಳಿವೆ, ಕುಂದುವಾಡ ಕೆರೆಯ ದಂಡೆಯಿದೆ. ಇದಕ್ಕೆ ಕಾಸಿನ ಖರ್ಚಿಲ್ಲ. ಎರಡನೆಯದು ತೂಕ. ೮೦ ಕಿಲೋ ತೂಗುವ ಸ್ಥೂಲಕಾಯನು ಮೆಲ್ಲಗೆ ನಾಲ್ಕು ಕಿಲೋ ಇಳಿಸಿದರೂ ಯಕೃತ್ತಿನ ಕೊಬ್ಬು ಕಡಿಮೆಯಾಗುತ್ತದೆ. ಮೂರನೆಯದು ಸಕ್ಕರೆ. ದಿನಕ್ಕೆ ೨೫ ಗ್ರಾಂ, ಸುಮಾರು ಆರು ಸಣ್ಣ ಚಮಚೆ, ಮೀರದಿದ್ದರೆ ಒಳಿತು. ೩೦೦ ಮಿಲಿಲೀಟರಿನ ಒಂದು ತಂಪುಪಾನೀಯದ ಬಾಟಲಿಯಲ್ಲೇ ಅನೇಕ ವೇಳೆ ಅದಕ್ಕಿಂತ ಹೆಚ್ಚಿರುತ್ತದೆ. ಅನ್ನವನ್ನು ತುಸು ತಗ್ಗಿಸಿ ಜೋಳದ ರೊಟ್ಟಿ, ಕಾಳು, ಸೊಪ್ಪುಗಳನ್ನು ಹೆಚ್ಚಿಸಿಕೊಳ್ಳಬಹುದು. ನಾಲ್ಕನೆಯದು, ವೈದ್ಯರ ಸಲಹೆಯಿಲ್ಲದೆ ಮಾತ್ರೆಗಳನ್ನೂ ಹೆಸರರಿಯದ ಪುಡಿಗಳನ್ನೂ ನುಂಗದಿರುವುದು. ಜ್ವರದ ಪ್ಯಾರಸಿಟಮಾಲ್ ಕೂಡ ಮಿತಿ ಮೀರಿದರೆ ಯಕೃತ್ತನ್ನು ಕೆಡಿಸುತ್ತದೆ.

ಐದನೆಯದು ಸೋಂಕಿನಿಂದ ರಕ್ಷಣೆ. ೧೯೫೫-೫೬ರಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿಯ ಕೊಳೆ ಸೇರಿ ಸುಮಾರು ೨೯,೦೦೦ ಜನ ಕಾಮಾಲೆಗೆ ತುತ್ತಾದರು. ಆದುದರಿಂದ ನೀರಿನ ಬಗೆಗೆ ಸಂದೇಹವಿದ್ದಾಗ ಕುದಿಸಿ ಆರಿಸಿದ ನೀರನ್ನೇ ಕುಡಿಯತಕ್ಕದ್ದು. ರಕ್ತದ ಮೂಲಕ ಹರಡುವ ಹೆಪಟೈಟಿಸ್ ಬಿ ರೋಗಕ್ಕೆ ಲಸಿಕೆಯಿದೆ. ಕಣ್ಣು ಹಳದಿಯಾದರೆ ಬರೆ ಹಾಕಿಸಿಕೊಳ್ಳದೆ ಆಸ್ಪತ್ರೆಗೆ ಹೋಗಬೇಕು.

ಯಕೃತ್ತು ಕ್ಷಮಾಶೀಲವಾದ ಅಂಗ. ಅದರ ಒಂದು ಭಾಗವನ್ನು ಕತ್ತರಿಸಿ ತೆಗೆದರೂ ಉಳಿದುದು ಬೆಳೆದುಕೊಳ್ಳಬಲ್ಲುದು. ತುಂಬಿದ ಕೊಬ್ಬೂ ಕರಗಬಲ್ಲುದು. ಆದರೆ ಸಿರೋಸಿಸ್ ಬಲಿತ ಮೇಲೆ ಆ ಕ್ಷಮೆ ದುರ್ಲಭ. ನಮ್ಮಲ್ಲಿ ಅನೇಕರ ತಂದೆತಾಯಿಗಳು ಬಿಸಿಲಲ್ಲಿ ದುಡಿದು ನಮ್ಮನ್ನು ನೆರಳಲ್ಲಿ ಕೂರಿಸಿ ಓದಿಸಿದ್ದಾರೆ. ಅವರ ತಟ್ಟೆಯನ್ನು ಉಳಿಸಿಕೊಂಡು ಅವರ ನಡಿಗೆಯನ್ನು ಬಿಟ್ಟರೆ, ಅವರು ಕೊಡಿಸಿದ ವಿದ್ಯೆಯನ್ನು ಅನುಭವಿಸುವ ಆಯುಸ್ಸನ್ನೇ ನಾವು ಕಳೆದುಕೊಂಡೇವು. ಆದುದರಿಂದ, ಮಿತ್ರರೇ, ನಾಳೆಯ ಮುಂಜಾನೆ ಕುಂದುವಾಡ ಕೆರೆಯ ಬಳಿ ಭೇಟಿಯಾಗೋಣ.